ಕಬ್ಬಿನ ರವದಿ ಸುಡದೆ ಕುಳೆ ಬೆಳೆ ಬರುತ್ತದಾ?

ಕಟಾವಾದ ಮೇಲೆ ರವದಿ, ಅಂದರೆ ಕಬ್ಬಿನ ಒಣ ಎಲೆ ಸುಟ್ಟರೆ ಹೊಲಕ್ಕೆ ಏನು ನಷ್ಟ, ಸುಡದಿದ್ದರೆ ಕುಳೆ, ಅಂದರೆ ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆ ಸರಿಯಾಗಿ ಬರುತ್ತದಾ ಅಂತ ಕೇಳಿದ್ದೀರಿ. ಚೆನ್ನಾಗೇ ಬರುತ್ತದೆ. ಮುಧೋಳ ಕಡೆಯವನು ನಾನು, ನಮ್ಮ ಹೊಲದಲ್ಲಿ ರವದಿ ಸುಡುವುದಿಲ್ಲ. ಹಂಗಾಮು ಶುರುವಾಯಿತೆಂದರೆ ಜಮಖಂಡಿ, ಅಥಣಿ, ರಾಯಬಾಗ ಎಲ್ಲಾ ಕಡೆ ಹೊಗೆ ಏಳುತ್ತದೆ, ನೋಡಿದಾಗಲೆಲ್ಲ ಕರುಳು ಚುರ್ ಅನ್ನುತ್ತದೆ.

ಒಂದು ಎಕರೆ ಕಬ್ಬು ಕಡಿದರೆ ಸುಮಾರು 3-4 ಟನ್ ಒಣ ರವದಿ ಬೀಳುತ್ತದೆ. ಅದರಲ್ಲಿರುವ ಸಾರಜನಕ ಬೆಂಕಿಯಲ್ಲಿ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತದೆ ನಿಜ, ಆದರೆ ಮಣ್ಣಿಗೆ ಸೇರಬೇಕಿದ್ದ ಸಾವಯವ ಇಂಗಾಲ ಹೋಯಿತಲ್ಲ, ಅದನ್ನು ಯಾವ ಗೊಬ್ಬರದ ಅಂಗಡಿಯಲ್ಲೂ ಚೀಲ ಕಟ್ಟಿ ಕೊಡುವುದಿಲ್ಲ.

ಸುಮ್ನೆ ರವದಿ ಹಾಸಿ ಬಿಟ್ಟರೆ ಮಾತ್ರ ಆಗುವುದಿಲ್ಲ. ಅದನ್ನು ಕೊಳೆಸುವ ಜೀವಾಣುಗಳು ಮೊದಮೊದಲು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಕುಳೆ ಹಳದಿಯಾಗುತ್ತದೆ, ರೈತ ಹೆದರಿ ಮುಂದಿನ ವರ್ಷ ಕಡ್ಡಿ ಗೀರುತ್ತಾನೆ. ಅದಕ್ಕೇ ಎಕರೆಗೆ 30 ಕೆಜಿಯಷ್ಟು ಯೂರಿಯಾ, 40 ಕೆಜಿಯಷ್ಟು ಸೂಪರ್ ಫಾಸ್ಫೇಟ್ ರವದಿ ಮೇಲೆ ಎರಚಿ, ಕೊಳೆಸುವ ಜೀವಾಣು ಗೊಬ್ಬರವನ್ನು ಸಗಣಿ ಗೊಬ್ಬರದಲ್ಲಿ ಕಲಸಿ ಹಾಕಿ, ಅವತ್ತೇ ನೀರು ಬಿಡಬೇಕು. ಒಣ ರವದಿ ಮೇಲೆ ಯೂರಿಯಾ ಹಾಗೇ ಬಿದ್ದಿದ್ದರೆ ಗಾಳಿಗೆ ಹೋಗುತ್ತದೆ. ಅದಕ್ಕೂ ಮೊದಲು ಕಡಿದುಳಿದ ಬುಡವನ್ನು ನೆಲಮಟ್ಟಕ್ಕೆ ಸವರಿ, ಅದರ ಮೇಲಿನ ರವದಿಯನ್ನು ಸಾಲಿಗೆ ಸರಿಸಿ, ಮೊಳಕೆಗೆ ಬೆಳಕು ಬೇಕು. ರವದಿ ಕತ್ತರಿಸುವ ಯಂತ್ರ ಬಾಡಿಗೆಗೆ ಸಿಕ್ಕರೆ ಇನ್ನೂ ಬೇಗ ಕೊಳೆಯುತ್ತದೆ.

ಏಪ್ರಿಲ್ ಬಿಸಿಲಲ್ಲಿ ಒಂದು ಹಿಡಿ ರವದಿ ಎತ್ತಿ ನೋಡಿ. ಮೇಲೆ ಗರಿಗರಿ ಒಣಗಿರುತ್ತದೆ, ಕೆಳಗೆ ಕಪ್ಪಗೆ ಕೊಳೆತು ಒದ್ದೆ ಇರುತ್ತದೆ, ಕಬ್ಬಿನ ಬಿಳಿ ಬೇರು ಅದರೊಳಗೇ ಹೊಕ್ಕಿರುತ್ತದೆ, ಎರೆಹುಳು ಕಾಣುತ್ತವೆ. ಪಕ್ಕದಲ್ಲಿ ಸುಟ್ಟ ಹೊಲ ಅಷ್ಟೊತ್ತಿಗೆ ಬಿರುಕು ಬಿಟ್ಟಿರುತ್ತದೆ.

ಸುಡುವವರನ್ನು ನಾನು ಬೈಯುವುದಿಲ್ಲ. ಆಳು ಸಿಗುವುದಿಲ್ಲ, ರವದಿ ಇದ್ದರೆ ಹಾಯಿಸಿದ ನೀರು ಮುಂದೆ ಹೋಗುವುದಿಲ್ಲ, ಇಲಿ ಹಾವಿನ ಭಯ ಬೇರೆ. ನೀರಿನ ತೊಂದರೆಗೆ ಸಾಲು ಬಿಟ್ಟು ಸಾಲು ರವದಿ ತುಂಬಿ, ಖಾಲಿ ಸಾಲಲ್ಲಿ ನೀರು ಬಿಡಿ. ಡ್ರಿಪ್ ಇದ್ದರೆ ಈ ಚಿಂತೆಯೇ ಇಲ್ಲ.

ನೀರು ಅಂದ ಮೇಲೆ ಇದನ್ನೂ ಹೇಳಲೇಬೇಕು. ಕಬ್ಬು ವರ್ಷವಿಡೀ ನೀರು ಕುಡಿಯುವ ಬೆಳೆ, ನಮ್ಮದು ನೀರು ಬೇಗ ಬಸಿಯದ ಕಪ್ಪು ಎರೆ ಭೂಮಿ. ಕಾಲುವೆ ನೀರು ಬಂತು ಅಂತ ಬೇಕಾಬಿಟ್ಟಿ ಹಾಯಿಸಿ ಘಟಪ್ರಭಾ, ಕೃಷ್ಣಾ ದಂಡೆಯಲ್ಲಿ ಎಷ್ಟು ಹೊಲ ಉಪ್ಪು ಹತ್ತಿ, ನೀರು ನಿಂತು ಸವಳು ಜವಳಾಗಿವೆ ನೋಡಿದ್ದೀರಲ್ವಾ? ಬೇಸಿಗೆಯಲ್ಲಿ ಮೇಲೆ ಬಿಳಿ ಉಪ್ಪು ಕೂತಿರುತ್ತದೆ. ರವದಿ ಹಾಸಿದರೆ ತೇವ ಜಾಸ್ತಿ ದಿನ ಉಳಿಯುತ್ತದೆ, ನೀರಿನ ಸರದಿ ದೂರ ಮಾಡಬಹುದು, ಉಪ್ಪು ಮೇಲೇರುವುದೂ ಕಮ್ಮಿಯಾಗುತ್ತದೆ. ಆದರೆ ಈಗಾಗಲೇ ಜವಳಾದ ಹೊಲಕ್ಕೆ ಇದು ಸಾಲದು, ಅಲ್ಲಿ ಹೆಚ್ಚಿನ ನೀರು ಹೊರಹೋಗಲು ಬಸಿಗಾಲುವೆ ತೆಗೆಯಲೇಬೇಕು.

ಎರಡು ಕುಳೆ ಆದ ಮೇಲೆ ಒಮ್ಮೆ ಕಬ್ಬು ಬಿಟ್ಟು ಸೆಣಬು ಬಿತ್ತಿ ಮಣ್ಣಿಗೆ ಸೇರಿಸಿ, ಇಲ್ಲವೇ ಹಿಂಗಾರಿಗೆ ಕಡಲೆ ಹಾಕಿ. ನಿಮ್ಮ ಮಣ್ಣಿಗೆ ಎಷ್ಟು ಗೊಬ್ಬರ ಅಂತ ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಿ, ಕಬ್ಬಿನ ಬಗ್ಗೆ ಅಲ್ಲಿಯವರಿಗೆ ಚೆನ್ನಾಗಿ ಗೊತ್ತು. ಧೈರ್ಯ ಸಾಲದಿದ್ದರೆ ಈ ವರ್ಷ ಹತ್ತು ಗುಂಟೆಯಲ್ಲಿ ಮಾತ್ರ ಸುಡದೆ ಬಿಡಿ.