ಪರೀಕ್ಷೆ ಇರಲಿ, ಪಾಸಾದವರನ್ನು ಕಾಯಿಸಬೇಡಿ

ಜಮಖಂಡಿ ತಾಲೂಕಿನ ಶಿಕ್ಷಕಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಮಗ ಕಿರ್ಗಿಸ್ತಾನದಲ್ಲಿ ಎಂಬಿಬಿಎಸ್ ಮುಗಿಸಿ ಬಂದಿದ್ದಾನೆ. ವಿದೇಶದಲ್ಲಿ ಓದಿದವರು ಇಲ್ಲಿ ಡಾಕ್ಟರಾಗಲು ಪಾಸಾಗಬೇಕಾದ ಎಫ್‌ಎಂಜಿಇ ಪರೀಕ್ಷೆ ಎರಡು ಸಲ ಸ್ವಲ್ಪದರಲ್ಲೇ ತಪ್ಪಿದೆ. "ನಮ್ಮೂರ ಆರೋಗ್ಯ ಕೇಂದ್ರದಲ್ಲಿ ಡಾಕ್ಟರಿಲ್ಲ, ಓದಿದ ಹುಡುಗ ಮನೆಯಲ್ಲಿ ಕೂತಿದ್ದಾನೆ. ಪರಿಚಯದ ಡಾಕ್ಟರು ತಮ್ಮ ಕ್ಲಿನಿಕ್ಕಿನಲ್ಲಿ ಕೂರಿಸಿಕೊಳ್ಳುತ್ತೇನೆ ಅಂತಾರೆ. ಅಮೆರಿಕದಿಂದ ಬಂದವರಿಗೆ ಇಲ್ಲದ ಪರೀಕ್ಷೆ ನಮ್ಮ ಮಕ್ಕಳಿಗೆ ಮಾತ್ರ ಯಾಕೆ?" ಇದು ಅವರ ಪ್ರಶ್ನೆ.

ಅಕ್ಕಾವರೇ,

ಮೊದಲು ಕ್ಲಿನಿಕ್ಕಿನ ಮಾತು. ದಯವಿಟ್ಟು ಬೇಡ ಅನ್ನಿ. ನೋಂದಣಿ ಇಲ್ಲದೆ ಚಿಕಿತ್ಸೆ ಕೊಟ್ಟರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ. ಬೋರ್ಡಿನ ಮೇಲೆ ಹೆಸರು ಯಾರದ್ದೇ ಇರಲಿ, ಹೆಚ್ಚುಕಮ್ಮಿ ಆದ ದಿನ ಸಿಕ್ಕಿಬೀಳುವವನು ನಿಮ್ಮ ಮಗ.

ಅಮೆರಿಕದಿಂದ ಬಂದ ಎಲ್ಲರಿಗೂ ವಿನಾಯಿತಿ ಇಲ್ಲ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಪಿಜಿ ಮಾಡಿ, ಅಲ್ಲೇ ಡಾಕ್ಟರಾಗಿ ಕೆಲಸ ಮಾಡುವ ಅರ್ಹತೆ ಪಡೆದವರಿಗೆ ಮಾತ್ರ. ಉಳಿದವರು 2002ರಿಂದ ಇದೇ ಪರೀಕ್ಷೆ ಬರೆಯುತ್ತಿದ್ದಾರೆ. 300 ಪ್ರಶ್ನೆ, 150 ಬಂದರೆ ಪಾಸು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಸೀಟಿನ ಪೈಪೋಟಿಯೂ ಇಲ್ಲ. ಆದರೂ ಎಷ್ಟೋ ಸಲ ಸುಮಾರು ಐದರಲ್ಲಿ ಒಬ್ಬರೇ ದಾಟುತ್ತಾರೆ. ಇದನ್ನು ನೋಡಿ ನನಗೆ ಸಂಕಟವಾಗುತ್ತದೆ. ಆದರೆ ಪರೀಕ್ಷೆ ತೆಗೆದುಹಾಕಿ ಎನ್ನಲು ಮನಸ್ಸು ಬರುವುದಿಲ್ಲ.

ನಮ್ಮ ಕಡೆ ಕಬ್ಬು ಕಡಿಯುವ ಹಂಗಾಮು ನೆನೆಸಿಕೊಳ್ಳಿ. ರಾತ್ರಿ ಕಾಲು ಬಾತ ಕೂಲಿಯಾಳನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬರುತ್ತಾರೆ. "ಏನೋ ಕಡದೈತ್ರಿ, ಕತ್ತಲಾಗ ಕಾಣ್ಲಿಲ್ಲ" ಅಂತಾರೆ. ಡ್ಯೂಟಿ ಡಾಕ್ಟರು ಒಣಗಿದ ಗಾಜಿನ ನಳಿಕೆಯಲ್ಲಿ 2 ಎಂಎಲ್ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಇಡುತ್ತಾರೆ. ಆಮೇಲೆ ಓರೆ ಮಾಡಿ ನೋಡುತ್ತಾರೆ. ರಕ್ತ ಹೆಪ್ಪುಗಟ್ಟದೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ಏರಿದೆ ಅಂತ ಲೆಕ್ಕ. ತಡಮಾಡದೆ ಹಾವಿನ ವಿಷ ಇಳಿಸುವ ಔಷಧ ಆ್ಯಂಟಿವೆನಮ್ ಕೊಡಬೇಕು. ಆ ಔಷಧವೇ ಮೈಗೆ ಒಗ್ಗದೆ ಉಸಿರು ಕಟ್ಟಿದರೆ ಅಡ್ರಿನಲಿನ್ ಚುಚ್ಚುಮದ್ದು ಕೈಗೆಟುಕುವಂತಿರಬೇಕು. ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನಲ್ಲಿ ಓದುವ ಹುಡುಗ ಇದನ್ನೆಲ್ಲ ಎಲ್ಲಿ ನೋಡಬೇಕು? ಪಾಠ ಇಂಗ್ಲಿಷಿನಲ್ಲಿ, ರೋಗಿ ಮಾತಾಡುವುದು ಕಿರ್ಗಿಜ್ ಅಥವಾ ರಷ್ಯನ್. ವಾರ್ಡಿನಲ್ಲಿ ನಿಂತರೂ ರೋಗಿಯನ್ನು ಸರಿಯಾಗಿ ಮಾತಾಡಿಸಲು ಆಗದವರೇ ಜಾಸ್ತಿ. ಅದು ಹುಡುಗರ ತಪ್ಪಲ್ಲ. ಆದರೆ ಆ ಕೊರತೆ ತುಂಬದೆ ಊರ ಆರೋಗ್ಯ ಕೇಂದ್ರಕ್ಕೆ ಒಬ್ಬನನ್ನೇ ಕಳಿಸುವುದು ಅವನಿಗೂ ಅನ್ಯಾಯ, ಊರಿಗೂ ಅನ್ಯಾಯ. ಅದಕ್ಕೇ ಪರೀಕ್ಷೆಯೂ ಇರಲಿ, ಹಿರಿಯರ ಕೈಕೆಳಗೆ ಕೆಲಸ ಕಲಿಯುವ ಇಲ್ಲಿನ ಇಂಟರ್ನ್‌ಶಿಪ್ಪೂ ಬೇಕೇ ಬೇಕು.

ನನ್ನ ಸಿಟ್ಟು ಇರುವುದು ಇಲ್ಲೇ. ಪಾಸಾದ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿ, ಆಮೇಲೆ 12 ತಿಂಗಳ ಇಂಟರ್ನ್‌ಶಿಪ್. ಆದರೆ ಕಾಲೇಜಿನ ಒಟ್ಟು ಸೀಟುಗಳಲ್ಲಿ ಶೇ 7.5ಕ್ಕಿಂತ ಜಾಸ್ತಿ ವಿದೇಶಿ ಪದವೀಧರರನ್ನು ತೆಗೆದುಕೊಳ್ಳಬಾರದು ಎಂದು 2022ರಲ್ಲಿ ಎನ್‌ಎಂಸಿ ಹೇಳಿತು. 150 ಸೀಟಿನ ಕಾಲೇಜಿದ್ದರೆ ಬರೀ 11 ಜನ. ಪಾಸಾದ ಹುಡುಗರು ಜಾಗಕ್ಕಾಗಿ ಅಲೆಯುವಂತಾದರೆ ಓದಿದ್ದು ತುಕ್ಕು ಹಿಡಿಯುತ್ತದೆ. ಇಂಥವರಿಗೆ ನಮ್ಮ ಕಡೆಯ ಜಿಲ್ಲೆಗಳ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ, ಹಿರಿಯ ಡಾಕ್ಟರರ ಕೈಕೆಳಗೆ ಜಾಗ ಮಾಡಿಕೊಡಬೇಕು. ನಾವು ಜಗಳ ಮಾಡಬೇಕಾದ್ದು ಇದಕ್ಕೆ. ನಮ್ಮ ಶಾಸಕರು ಸದನದಲ್ಲಿ ಇದನ್ನೇ ಕೇಳಲಿ.

ಈಗ ಮಕ್ಕಳನ್ನು ಕಳಿಸಲು ಹೊರಟವರೂ ಇದನ್ನು ಓದುತ್ತಿರಬಹುದು. 2021ರ ನವೆಂಬರ್ ನಿಯಮದಂತೆ ಕೋರ್ಸ್ ಕನಿಷ್ಠ 54 ತಿಂಗಳು ಇರಬೇಕು, ಇಂಗ್ಲಿಷಿನಲ್ಲೇ ಇರಬೇಕು. ಜೊತೆಗೆ ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಆ ದೇಶದಲ್ಲಿ ಡಾಕ್ಟರಾಗಿ ಕೆಲಸ ಮಾಡಲು ಆ ಪದವಿ ನಡೆಯಬೇಕು. ಏಜೆಂಟರ ಬಾಯಿಮಾತು ನಂಬಬೇಡಿ, ಕಾಗದ ಕೇಳಿ.

ಅಕ್ಕಾವರೇ, ಪರೀಕ್ಷೆ ವರ್ಷಕ್ಕೆ ಎರಡು ಸಲ ಇದೆ. ಸ್ವಲ್ಪದರಲ್ಲಿ ತಪ್ಪಿದವನು ದಾಟುತ್ತಾನೆ, ಓದಲು ಬಿಡಿ. ಆಮೇಲೆ ಇಂಟರ್ನ್‌ಶಿಪ್‌ಗೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ವಿದೇಶದಲ್ಲಿ ಓದಿದವರಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ, ಇಲ್ಲಿನವರಷ್ಟೇ ಸ್ಟೈಪೆಂಡ್ ಕೊಡಬೇಕು ಎಂದೂ ಎನ್‌ಎಂಸಿ ಹೇಳಿದೆ. ಕೇಳಿದವರಿಂದ ಬರಹದಲ್ಲಿ ತೆಗೆದುಕೊಂಡು ನಮಗೆ ಕಳಿಸಿ. ನಿಮ್ಮ ಹೆಸರು ಹಾಕದೆ ಅಚ್ಚು ಮಾಡುತ್ತೇವೆ.

ಸಂಪಾದಕ