ಬಜ್ಪೆಯೋ, ಮಟ್ಟನ್ನೂರೋ: ಕಾಸರಗೋಡಿನಿಂದ ಉತ್ತರ

ಮಂಗಳೂರು ಮತ್ತು ಕಣ್ಣೂರು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ, ಹಾರಲು ಎಷ್ಟು ಹೊತ್ತು ಅಂತ ಕೇಳಿದ್ದೀರಿ. ನೇರ ಗೆರೆ ಎಳೆದರೆ ಸುಮಾರು 135 ಕಿ.ಮೀ. ಜೆಟ್ ವಿಮಾನಕ್ಕೆ ಇದೊಂದು ದೂರವೇ ಅಲ್ಲ. ಪೂರ್ತಿ ಮೇಲೇರುವ ಮೊದಲೇ ಇಳಿಯಲು ಶುರು ಮಾಡಬೇಕು. ಎಲ್ಲ ಸೇರಿ ಅರ್ಧ ಗಂಟೆ ಅಂತಿಟ್ಟುಕೊಳ್ಳಿ. ರಸ್ತೆಯಲ್ಲಾದರೆ 160 ಕಿ.ಮೀ.ಗೂ ಜಾಸ್ತಿ.

ಆದರೆ ಒಂದರಿಂದ ಇನ್ನೊಂದಕ್ಕೆ ವಿಮಾನದಲ್ಲಿ ಹೋಗುವ ರೂಢಿ ನಮ್ಮಲ್ಲಿಲ್ಲ. ನಮ್ಮ ಕಾಸರಗೋಡು ಜಿಲ್ಲೆ ಎರಡರ ನಡುವೆ ಇದೆ. ಹಾಗಾಗಿ ಮನೆಯಿಂದ ಯಾವುದು ಹತ್ತಿರ ಅನ್ನುವುದೇ ಇಲ್ಲಿಯ ಲೆಕ್ಕ.

ಕುಂಬಳೆ, ಉಪ್ಪಳ, ಬದಿಯಡ್ಕದವರಿಗೆ ಏರ್‌ಪೋರ್ಟ್ ಅಂದರೆ ಬಜ್ಪೆ, ಮಂಗಳೂರಿನ ವಿಮಾನ ನಿಲ್ದಾಣ ಇರುವ ಊರು. ಬೇರೆ ರಾಜ್ಯದಲ್ಲಿದೆ ಅನ್ನುವ ಯೋಚನೆಯೇ ಬರುವುದಿಲ್ಲ. 1951ರಲ್ಲಿ ಅದು ಶುರುವಾದಾಗ ಕಾಸರಗೋಡು ಕೂಡ ಅದೇ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಕಾಸರಗೋಡು ಕೇರಳಕ್ಕೆ ಸೇರಿ ಗಡಿ ಬಂದದ್ದು 1956ರಲ್ಲಿ. ಕಣ್ಣೂರಿನದು ತೆರೆದದ್ದು 2018ರ ಡಿಸೆಂಬರಿನಲ್ಲಿ, ಅದೂ ಪೇಟೆಯಿಂದ ದೂರ, ಮಟ್ಟನ್ನೂರಿನಲ್ಲಿ. ಕಾಸರಗೋಡು ಪೇಟೆಯಿಂದ ಬಜ್ಪೆಗೆ 60 ಕಿ.ಮೀ. ಆಸುಪಾಸು. ಮಟ್ಟನ್ನೂರಿಗೆ 100 ದಾಟುತ್ತದೆ.

ಬಜ್ಪೆಯ ಪಾರ್ಕಿಂಗಿನಲ್ಲಿ ಒಮ್ಮೆ ಕಣ್ಣಾಡಿಸಿ. ಕೆಎಲ್ 14 ನಂಬರಿನ ಗಾಡಿಗಳು ಎಷ್ಟೋ ಕಾಣುತ್ತವೆ. ಅದು ಕಾಸರಗೋಡಿನ ನಂಬರು. ಗಲ್ಫಿಗೆ ಹೊರಟ ಮಗನ ಜೊತೆ ಅಮ್ಮ, ಮಾವ, ತಂಗಿ, ಪಕ್ಕದ ಮನೆಯ ಹುಡುಗ, ಎಲ್ಲರೂ ಬಂದಿರುತ್ತಾರೆ. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯ ಮೇಲೆ ಮಾರ್ಕರಿನಲ್ಲಿ ಹೆಸರು. ಒಳಗೆ ಹಲಸಿನ ಹಪ್ಪಳ, ಉಪ್ಪಿನಕಾಯಿ, ತೆಂಗಿನೆಣ್ಣೆ. ತೂಕ ಜಾಸ್ತಿಯಾದರೆ ಬಾಗಿಲ ಹತ್ತಿರವೇ ಬಿಚ್ಚಿ ಅರ್ಧ ಅಮ್ಮನ ಕೈಗೆ ವಾಪಸ್. ಮಾತು ತುಳು, ಮಲಯಾಳ, ಕನ್ನಡ, ಬ್ಯಾರಿ, ಯಾವುದು ಬಾಯಿಗೆ ಬಂತೋ ಅದು.

ಮಳೆಗಾಲದ ಕಥೆ ಬೇರೆ. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ, ಉದ್ದ 2450 ಮೀಟರ್. ಕಣ್ಣೂರಿನದು 3050 ಮೀಟರ್. ಮೋಡ ಕವಿದು ರನ್‌ವೇ ಕಾಣದಿದ್ದರೆ ವಿಮಾನವನ್ನು ಕಣ್ಣೂರಿಗೋ ಕೊಚ್ಚಿಗೋ ಬೆಂಗಳೂರಿಗೋ ತಿರುಗಿಸುತ್ತಾರೆ. ಹಾಗೆ ಕಣ್ಣೂರಿನಲ್ಲಿ ಇಳಿದರೆ ಕಷ್ಟ ನೋಡಿ: ಕರೆದುಕೊಂಡು ಹೋಗಲು ಬಂದವರು ಬಜ್ಪೆಯಲ್ಲಿ ಕಾಯುತ್ತಿರುತ್ತಾರೆ, ಮನೆ ನಡುವೆ ಎಲ್ಲೋ ಇರುತ್ತದೆ.

ಗಡಿ ನಮಗೆ ನೆನಪಾಗುವುದು ಅದು ಮುಚ್ಚಿದಾಗ ಮಾತ್ರ. 2020ರ ಲಾಕ್‌ಡೌನಿನಲ್ಲಿ ಗಡಿಯ ತಲಪಾಡಿಯಲ್ಲಿ ದಾರಿ ಬಂದ್ ಮಾಡಿದರು. ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಗಳು ಅಲ್ಲಿಂದಲೇ ಹಿಂದೆ ಬರಬೇಕಾಯಿತು. ಆ ನೋವು ಇಲ್ಲಿ ಇನ್ನೂ ಆರಿಲ್ಲ.

ನೀವು ಬೇಕಲ ಕೋಟೆ ನೋಡಲು ಬರುವುದಾದರೆ ಬಜ್ಪೆಗೇ ಟಿಕೆಟ್ ಮಾಡಿ. ಕಾಞಂಗಾಡು, ನೀಲೇಶ್ವರದ ಕಡೆಗಾದರೆ ಎರಡೂ ಹೆಚ್ಚುಕಡಿಮೆ ಒಂದೇ, ಎರಡೂ ಕಡೆಯ ದರ ನೋಡಿ. ಬಾಡಿಗೆ ಕಾರು ಮಾಡುವವರು ಗಡಿ ದಾಟುವ ಪರ್ಮಿಟ್ ಇದೆಯಾ ಅಂತ ಮೊದಲೇ ಕೇಳಿ. ಪೆರ್ಲದ ಕಡೆ ಹೋಗುವುದಿದ್ದರೆ ತಲಪಾಡಿಯ ಸುತ್ತು ಬೇಡ. ಬಿ.ಸಿ. ರೋಡ್, ಕಲ್ಲಡ್ಕ, ವಿಟ್ಲ, ಅಡ್ಯನಡ್ಕದ ದಾರಿಯಲ್ಲಿ ಬನ್ನಿ.