ಪ್ರತಿಕ್ರಿಯೆ: ಕಾಸರಗೋಡಿನಲ್ಲಿ ಚಿತ್ರ ಬರೆಯಲು ಎಲ್ಲಿ ಕೂರುವುದು?
ದೇವಸ್ಥಾನಗಳಲ್ಲಿ ಕೂತು ಚಿತ್ರ ಬರೆಯಲಾಗುತ್ತಿಲ್ಲ ಎಂದು ಕೇಳಿದ್ದೀರಿ. ನೀವು ಪೂಜೆಯ ಹೊತ್ತಿಗೇ ಒಳಾಂಗಣದಲ್ಲಿ ಕೂರುತ್ತಿರುವುದೇ ತೊಂದರೆ ಇರಬೇಕು. ಸ್ಕೆಚ್ ಪುಸ್ತಕ ಬಿಚ್ಚಿದ ಕೂಡಲೇ ಎಬ್ಬಿಸುತ್ತಾರೆ, ಭಕ್ತಿ ಹುಟ್ಟುತ್ತಿದೆ ಆದರೆ ಕಾಗದಕ್ಕೆ ಇಳಿಯುತ್ತಿಲ್ಲ ಅಂದಿರಲ್ಲ. ಊರಿನವರಿಗೆ ನಿಮ್ಮ ಮೇಲೆ ಸಿಟ್ಟಿಲ್ಲ, ದಾರಿಗೆ ಅಡ್ಡ ಆಗಿರುತ್ತೀರಿ ಅಷ್ಟೆ.

ಮೊದಲು ಮಧೂರಿನ ಗಣಪತಿ ದೇವಸ್ಥಾನಕ್ಕೆ ಹೋಗಿ. ಪೇಟೆಯಿಂದ ಸುಮಾರು 8 ಕಿ.ಮೀ., ಬಸ್ಸಿದೆ. ಪುಸ್ತಕ ಚೀಲದಲ್ಲೇ ಇರಲಿ, ಕೈಮುಗಿದು ಹೊರಗೆ ಬನ್ನಿ. ಮಧುವಾಹಿನಿ ಹೊಳೆಯ ಬದಿಯಲ್ಲಿ ಕೂತು ದೇವಸ್ಥಾನದ ಆ ಮೂರು ನೆಲೆಯ ಗಜಪೃಷ್ಠ ಮಾಡನ್ನು, ಅಂದರೆ ಆನೆಯ ಹಿಂಭಾಗದಂತೆ ದುಂಡಗಿರುವ ಛಾವಣಿಯನ್ನು, ಬರೆಯಿರಿ. ಅಲ್ಲಿನ ಗಣಪತಿಯೇ ಮೊದಲು ಹುಡುಗನೊಬ್ಬ ಆಟಕ್ಕೆ ಗರ್ಭಗುಡಿಯ ಗೋಡೆಯಲ್ಲಿ ಬರೆದ ಚಿತ್ರ, ಆಮೇಲೆ ಬೆಳೆದು ದಪ್ಪವಾಯಿತು ಎಂದು ಐತಿಹ್ಯ. ನಿಮ್ಮ ಕಸುಬಿನವರಿಗೆ ಇದಕ್ಕಿಂತ ಹತ್ತಿರದ ದೇವರು ಸಿಗಲಿಕ್ಕಿಲ್ಲ!

ಕುಂಬಳೆ ಹತ್ತಿರದ ಅನಂತಪುರದ ಕೆರೆ ನಡುವಿನ ದೇವಸ್ಥಾನಕ್ಕೆ ಬೆಳಗ್ಗೆಯೇ ಹೋಗಿ. ಮಧ್ಯಾಹ್ನದ ಬಿಸಿಲಿಗೆ ಅಲ್ಲಿನ ಮುರಕಲ್ಲಿನ (ಜಂಬಿಟ್ಟಿಗೆಯ) ಬಯಲು ಕಣ್ಣಿಗೆ ಹೊಡೆಯುತ್ತದೆ.

ಮುಖಗಳು ಬೇಕಿದ್ದರೆ ಯಕ್ಷಗಾನದ ಚೌಕಿ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗ. ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ನವೆಂಬರಿನಿಂದ ಮೇವರೆಗೆ ಸುತ್ತಮುತ್ತ ಯಕ್ಷಗಾನದ ಆಟ ಇದ್ದೇ ಇರುತ್ತದೆ. ಆಟ ಶುರುವಾಗುವ ಮೊದಲೇ ತಲುಪಿ. ಬಣ್ಣದ ವೇಷದವರು (ರಾಕ್ಷಸ ಪಾತ್ರದವರು) ಮುಖಕ್ಕೆ ಅಕ್ಕಿಹಿಟ್ಟಿನ ಉಬ್ಬು ಚುಕ್ಕೆಗಳಾದ ಚುಟ್ಟಿ ಇಡುತ್ತ ತುಂಬ ಹೊತ್ತು ಕನ್ನಡಿಯ ಮುಂದೆ ಇರುತ್ತಾರೆ, ಅಷ್ಟು ಅಲುಗಾಡದ ಮುಖ ನಿಮಗೆ ಬೇರೆಲ್ಲೂ ಸಿಗದು. ಚೌಕಿಯಲ್ಲಿ ದೇವರಿರುತ್ತದೆ, ಚಪ್ಪಲಿ ಹೊರಗೇ ಬಿಡಿ. ಅಲ್ಲಿ ಚಿತ್ರ ಬರೆಯಲು ಒಪ್ಪುವುದು ಬಿಡುವುದು ಆಯಾ ಮೇಳದವರ (ಯಕ್ಷಗಾನ ತಂಡದವರ) ಮರ್ಜಿ. ಮೇಳದ ಮ್ಯಾನೇಜರ ಹತ್ತಿರ ಕನ್ನಡದಲ್ಲೇ ಕೇಳಿ, ನಿಮ್ಮ ಹಳೆಯ ಚಿತ್ರ ಒಂದೆರಡು ತೋರಿಸಿ.